ತಿರಸ್ಕೃತ: ಬಾಯಿ ತೆರೆದಿದೆ

ನಮ್ಮ ಬೀದಿಯ ಸ್ಟುಡಿಯೋ ಅಕ್ಕನ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಬರೆಯುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ಯಾಕೆಂದರೆ ಆಕೆಯ ಬಗ್ಗೆ ನಾನು ಮೊದಲ ಸಲ ಬರೆದದ್ದು ಎರಡು ಪುಟದ ದೂರು. ಎಡಗಡೆ ಅಂಚು ಬಿಟ್ಟು, ಅಂಶಗಳಿಗೆ ಕ್ರಮಸಂಖ್ಯೆ ಹಾಕಿ, ಕೊನೆಗೆ 'ತಮ್ಮ ವಿಶ್ವಾಸಿ' ಎಂದು ಸಹಿ ಮಾಡಿದ್ದ ದೂರು. ಶಾಲೆಯಲ್ಲಿ ಪತ್ರಲೇಖನಕ್ಕೆ ನನಗೆ ಬಹುಮಾನ ಬಂದಿತ್ತು. ಆ ಬಹುಮಾನ ಕೊಟ್ಟ ಮೇಷ್ಟ್ರು ಈಗ ಎದುರಿಗೆ ಸಿಕ್ಕರೆ ಅವರ ಮೇಲೂ ಒಂದು ದೂರು ಬರೆಯುವಷ್ಟು ಸಿಟ್ಟಿದೆ.

ಆಗ ನನ್ನ ಮಗಳಿಗೆ ಏಳು ತಿಂಗಳು. ನನ್ನ ಹೆರಿಗೆ ರಜೆ ಮುಗಿಯಲು ಒಂದು ತಿಂಗಳಿತ್ತು. ಮಗುವನ್ನು ಶಿಶುವಿಹಾರಕ್ಕೆ ಸೇರಿಸಬೇಕಾದರೆ ಅದಕ್ಕೆ ಗುರುತಿನ ಚೀಟಿ ಬೇಕು, ಚೀಟಿಗೆ ಫೋಟೋ ಬೇಕು. ಫೋಟೋ ಹೇಗಿರಬೇಕೆಂದು ಕಚೇರಿಯ ಗೋಡೆಯ ಮೇಲೆ ಬರೆದು ಹಾಕಿದ್ದರು. ಕಿವಿ ಎರಡೂ ಕಾಣಬೇಕು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ನಗು, ಅಳು, ಆಶ್ಚರ್ಯ ಇರಕೂಡದು. ಏಳು ತಿಂಗಳ ಕೂಸಿಗೂ ಇದೇ ನಿಯಮ. ಇಂಥ ಮುಖ ನಮ್ಮ ಮನೆಯಲ್ಲಿ ಯಾರಿಗಿದೆ ಎಂದು ಲೆಕ್ಕ ಹಾಕಿದೆ. ನಮ್ಮತ್ತೆಗೆ ಮಾತ್ರ ಇದೆ.

ನನ್ನ ಸ್ವಭಾವವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮಗು ಮಲಗಿದಾಗ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಪುಟ್ಟ ಕನ್ನಡಿ ಹಿಡಿದು ನೋಡುವವಳು ನಾನು. ಕನ್ನಡಿಯ ಮೇಲೆ ಮಂಜು ಮೂಡಿದರೆ ಸಮಾಧಾನ, ಆಮೇಲೆ ಆ ಮಂಜು ನನ್ನ ಉಸಿರಿನದ್ದೇ ಇರಬಹುದೆಂಬ ಅನುಮಾನ. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಮಗು ಉಸಿರಾಡೋದನ್ನ ಮರೆಯಲ್ಲ ಕಣಮ್ಮ, ಮೊದ್ಲು ನೀನಾಡು" ಎಂದು ಹೇಳಿ ಹೋಗಿದ್ದರು.

ಸ್ಟುಡಿಯೋ ನಮ್ಮ ಮನೆಯಿಂದ ನಾಲ್ಕನೇ ಕಟ್ಟಡ. ಒಂದು ಪಕ್ಕ ಚಪ್ಪಲಿ ಹೊಲಿಯುವವರು, ಇನ್ನೊಂದು ಪಕ್ಕ ಔಷಧಿ ಅಂಗಡಿ. ಮುಂದಿನ ಕೋಣೆಯಲ್ಲಿ ಗಾಜಿನ ಕೌಂಟರ್. ಅದರ ಹಿಂದೆ ಅಕ್ಕನ ಮಾವ. ಬೀದಿಯವರೆಲ್ಲ ಅವರನ್ನು ಕೌಂಟರ್ ಮಾವ ಎಂದೇ ಕರೆಯುತ್ತಾರೆ. ರಸೀದಿ ಬರೆಯುವುದು, ಫೋಟೋ ಹಾಳೆಯನ್ನು ಕತ್ತರಿಸುವುದು, ಕತ್ತರಿಸಿದ್ದನ್ನು ಪುಟ್ಟ ಲಕೋಟೆಗೆ ಹಾಕುವುದು ಅವರ ಕೆಲಸ. ಅಕ್ಕನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅಂಗಡಿ ಎಂದರೆ ಮಾವ ಮತ್ತು ಸೊಸೆ, ಇಬ್ಬರ ನಡುವೆ ದಪ್ಪನೆಯ ಒಂದು ಕಂದು ಪರದೆ. ಪರದೆಯ ಆಚೆ ಅಕ್ಕನ ಕೋಣೆ. ಬಿಳಿ ಗೋಡೆ, ಅದರ ಮುಂದೆ ತಿರುಗುವ ಸ್ಟೂಲು, ಎರಡು ದೊಡ್ಡ ದೀಪ, ಮುಕ್ಕಾಲಿಯ ಮೇಲೆ ಕ್ಯಾಮರಾ. ಮೂಲೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ತಗುಲಿಹಾಕಿದ ಒಂದು ಕಪ್ಪು ಕೋಟು. ಹಿಂಭಾಗಕ್ಕೆ ಪಿನ್ನು ಚುಚ್ಚಿ ಅದನ್ನು ತೆಳ್ಳಗಿನವರಿಗೂ ದಪ್ಪಗಿನವರಿಗೂ ಒಗ್ಗಿಸುತ್ತಿದ್ದರು.

ತಾವಾಗಿ ಕೂರಲಾರದ ಮಕ್ಕಳ ಫೋಟೋ ತೆಗೆಯುವುದಕ್ಕೆ ಒಂದು ಕ್ರಮವಿದೆ. ತಾಯಿ ಸ್ಟೂಲಿನ ಮೇಲೆ ಕೂರಬೇಕು. ಅವಳ ತಲೆಯಿಂದ ಪಾದದವರೆಗೆ ಬಿಳಿ ಬೆಡ್‌ಶೀಟ್ ಹೊದಿಸುತ್ತಾರೆ. ಅದರ ಮೇಲೆ ಮಗುವನ್ನು ಕೂರಿಸಿ, ಒಳಗಿಂದಲೇ ಬಟ್ಟೆಯ ಸಮೇತ ಅವಳು ಅದನ್ನು ಹಿಡಿದುಕೊಳ್ಳಬೇಕು. ಚಿತ್ರದಲ್ಲಿ ಮಗು ಮತ್ತು ಬಿಳಿ ಹಿನ್ನೆಲೆ ಮಾತ್ರ ಬರುತ್ತದೆ. ಅಂದರೆ ಅಲ್ಲಿ ನನ್ನ ಹುದ್ದೆ ಕುರ್ಚಿಯದ್ದು. ಎರಡು ಡಿಗ್ರಿ ಓದಿದ ಕುರ್ಚಿ.

ಬೆಡ್‌ಶೀಟಿನೊಳಗೆ ಎಲ್ಲ ಹಾಲಿನ ಬಣ್ಣ. ಏನೂ ಕಾಣುವುದಿಲ್ಲ. ಅಕ್ಕ "ಸ್ವಲ್ಪ ಬೆಳಕು ನೋಡ್ತೀನಿ" ಎನ್ನುತ್ತಿದ್ದರು. ಆಮೇಲೆ ಸದ್ದೇ ಇಲ್ಲ. ಒಂದು ನಿಮಿಷ, ಒಂದೂವರೆ ನಿಮಿಷ. ನನ್ನ ಮಗಳು ಯಾವತ್ತೂ ಅಷ್ಟು ಹೊತ್ತು ಅಲುಗಾಡದೆ ಕೂತವಳಲ್ಲ. ನನ್ನ ಕೈಯಡಿ ಅವಳ ಪಕ್ಕೆಲುಬು ಏರಿದ್ದು ಇಳಿಯದೆ ನಿಲ್ಲುತ್ತಿತ್ತು, ಕಾಲ್ಬೆರಳು ಬೀಸಣಿಗೆಯಂತೆ ಬಿಚ್ಚಿಕೊಂಡು ನನ್ನ ತೊಡೆಗೆ ಒತ್ತುತ್ತಿತ್ತು. ಮಗುವಿಗೆ ಫಿಟ್ಸ್ ಬಂತೆಂದೇ ಮೊದಲ ಸಲ ಅಂದುಕೊಂಡೆ. ಕೊನೆಗೆ ಅವಳ ಬಾಯಿಂದ 'ಹಾ' ಎಂದು ಒಂದು ಉಸಿರು, ಅದೇ ಕ್ಷಣಕ್ಕೆ ಕ್ಲಿಕ್.

ಕಚೇರಿಯಿಂದ ಫೋಟೋ ವಾಪಸ್ ಬಂತು. ಹಿಂದುಗಡೆ ಮೊಹರು: ತಿರಸ್ಕೃತ. ಕಾರಣ ಎಂಬಲ್ಲಿ ಪೆನ್ನಿನಿಂದ 'ಬಾಯಿ ತೆರೆದಿದೆ' ಎಂದು ಬರೆದಿದ್ದರು. ಎರಡನೇ ಸಲ, ಮೂರನೇ ಸಲ, ನಾಲ್ಕನೇ ಸಲವೂ ಅದೇ. ನಾಲ್ಕನೆಯದರಲ್ಲಿ ಬರೆಯುವವರಿಗೇ ಬೇಜಾರಾಗಿ 'ಬಾ.ತೆ.' ಎಂದು ಬಿಟ್ಟಿದ್ದರು. ಕಚೇರಿ ಒಪ್ಪಿದ ಸ್ಟುಡಿಯೋಗಳ ಪಟ್ಟಿಯಲ್ಲಿರುವ ಇನ್ನೊಂದಕ್ಕೆ ಹೋಗೆಂದು ನಮ್ಮವರು ಹೇಳಿದರು. ಅದಕ್ಕೆ ಎರಡು ಬಸ್ಸು ಹತ್ತಬೇಕು, ಬಸ್ಸಿನಲ್ಲಿ ಕೆಮ್ಮುವವರಿರುತ್ತಾರೆ. ಹಾಗಾಗಿ ದೂರು ಬರೆದೆ.

ದೂರಿನಲ್ಲಿ ನನ್ನ ಮಗಳ ವಿಷಯವೊಂದನ್ನೇ ಬರೆದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ನಾನು ಬಹುಮಾನ ಪಡೆದವಳು. ಕೌಂಟರಿನ ಗಾಜಿನೊಳಗೆ ಅಕ್ಕ ಅಂಟಿಸಿದ್ದ ಮಾದರಿ ಫೋಟೋಗಳನ್ನೂ ಎಣಿಸಿ ನೋಡಿ ಬಂದಿದ್ದೆ. ಇಪ್ಪತ್ತಾರು ಮುಖ, ಒಂದೂ ಕಚೇರಿಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಹುಬ್ಬು ಮೇಲೆ, ಕಣ್ಣು ಒದ್ದೆ, ತುಟಿ ಬಿರಿದು. 'ಸದರಿ ಸ್ಟುಡಿಯೋದಲ್ಲಿ ಚಿತ್ರ ತೆಗೆಸಿಕೊಂಡವರೆಲ್ಲರೂ ತಮಗೆ ಏನನ್ನೋ ತೋರಿಸಲಾಗಿದೆ ಎಂಬಂತೆ ಕಾಣುತ್ತಾರೆ' ಎಂಬುದು ನನ್ನ ಆರನೇ ಅಂಶ. ಈ ವಾಕ್ಯವನ್ನು ಅಂಚೆಗೆ ಹಾಕುವ ಮೊದಲು ಎರಡು ಸಲ ಜೋರಾಗಿ ಓದಿಕೊಂಡಿದ್ದೆ. ಅಷ್ಟು ಹೆಮ್ಮೆ.

ಮೂರನೇ ದಿನಕ್ಕೆ ಶಿಶುವಿಹಾರದಿಂದ ಫೋನು ಬಂತು, ತಾಯಿಯ ಹೊಸ ಫೋಟೋವೂ ಬೇಕಂತೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಬ್ಬಳೇ ಓಡಿದೆ. ದೂರು ಕೊಟ್ಟ ಸ್ಟುಡಿಯೋಗೇ ಹೋಗುವುದೇ ಎಂದು ಕೇಳಬೇಡಿ. ಮಗುವನ್ನು ಬಿಟ್ಟು ಅರ್ಧ ಗಂಟೆಗಿಂತ ಹೆಚ್ಚು ದೂರ ಹೋಗಲು ನನಗೆ ಆಗುತ್ತಿರಲಿಲ್ಲ.

ಆವತ್ತು ಮೊದಲ ಸಲ ಬೆಡ್‌ಶೀಟ್ ಇಲ್ಲದೆ ಆ ಸ್ಟೂಲಿನ ಮೇಲೆ ಕೂತೆ. ಅಕ್ಕ ಕ್ಯಾಮರಾದ ಪಕ್ಕ ನಿಂತು, ಬೆಳಕು ನೋಡುವುದಾಗಿ ಹೇಳಿ ನನ್ನತ್ತ ನೋಡಿದರು. ನಲವತ್ತರ ಆಸುಪಾಸಿನ, ಬೀದಿಯಲ್ಲಿ ಎದುರಾದರೆ ಗುರುತೇ ಸಿಗದಂಥ ಮುಖ. ನೋಡನೋಡುತ್ತಿದ್ದ ಹಾಗೆ ಆ ಮುಖದ ಹುಬ್ಬು ನಡುವೆ ಗಂಟಾಯಿತು. ಕೆಳತುಟಿಯ ಎಡಮೂಲೆ ಹಲ್ಲಿನಡಿ ಸಿಕ್ಕಿತು. ಕಣ್ಣು ಪರದೆಯ ಕಡೆಗೆ ಹೋಗಿ ಬಂತು, ಮತ್ತೆ ಹೋಯಿತು. ಒಂದು ಕಿವಿ ಯಾವುದೋ ಅಳು ಕೇಳುವುದಕ್ಕೆ ಕಾದಿರುವಂತೆ ಸ್ವಲ್ಪ ಮುಂದೆ ಬಾಗಿತು. ಪಾಪ, ಈಕೆಗೆ ಮನೆಯಲ್ಲಿ ಏನೋ ಭಾರಿ ಕಷ್ಟವಿದೆ ಅಂದುಕೊಂಡೆ. ಏನಾಯ್ತು ಅಕ್ಕ ಎಂದು ಕೇಳಬೇಕು ಅನ್ನುವಷ್ಟರಲ್ಲಿ ನನ್ನ ಕೆಳತುಟಿಯ ಎಡಮೂಲೆ ನನ್ನ ಹಲ್ಲಿನಡಿ ನೋಯುತ್ತಿರುವುದು ಗೊತ್ತಾಯಿತು.

ಅದು ನಾನು.

ಆಮೇಲೆ ಅಕ್ಕ ಆ ಮುಖವನ್ನು ಬಿಚ್ಚಲು ಶುರುಮಾಡಿದರು. ಆತುರವಿಲ್ಲ. ಹಣೆ ಮೊದಲು ಸಡಿಲವಾಯಿತು, ಬಟ್ಟೆಗಂಟು ಬಿಚ್ಚಿದ ಹಾಗೆ. ತುಟಿ ಹಲ್ಲಿನಿಂದ ಬಿಡಿಸಿಕೊಂಡು ಹೊರಬಂತು. ಕಣ್ಣು ಪರದೆಯ ಕಡೆಗೆ ಹೊರಟದ್ದು ಅರ್ಧದಲ್ಲೇ ನಿಂತು ನನ್ನ ಬಳಿಗೆ ಬಂತು, ಬಂದಲ್ಲೇ ಉಳಿಯಿತು. ಉಳಿದದ್ದೂ ನನ್ನದೇ ಮುಖ. ಆದರೆ ಸದ್ಯಕ್ಕೆ ಯಾವ ಕೆಲಸವೂ ಇಲ್ಲದ್ದು, ಯಾರಿಗೂ ಏನೂ ಆಗುವುದಿಲ್ಲ ಎಂದು ನಂಬಿದ್ದು. ಅದನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಯೋಚಿಸುತ್ತಿರುವಾಗ ಕ್ಲಿಕ್ ಎಂದಿತು.

"ಅದು ನಾನೇ ಅಲ್ವಾ ಅಕ್ಕ?" ಎಂದೆ.

"ಒಳಗೆ ಬರೋವಾಗ ಹಾಕ್ಕೊಂಡು ಬಂದಿದ್ರಲ್ಲ, ಅದು. ತೆಗೆದಿಟ್ಟೆ ಅಷ್ಟೆ. ಹೋಗೋವಾಗ ಬೇಕಾದ್ರೆ ಹಾಕ್ಕೊಳ್ಳಿ."

ಫೋಟೋದಲ್ಲಿ ನನ್ನ ಬಾಯಿ ಮೀನಿನ ಬಾಯಿಯ ಹಾಗೆ ತೆರೆದಿತ್ತು.

ಅದನ್ನು ನೋಡಿ ನನಗೆ ನಗು ಬಂತು, ಹಿಂದೆಯೇ ಅಳು. ಎರಡನ್ನೂ ಮುಗಿಸುವವರೆಗೆ ಅಕ್ಕ ನನ್ನನ್ನು ಸ್ಟೂಲಿನಿಂದ ಏಳಿಸಲಿಲ್ಲ. ಹೊರಗೆ ಕೌಂಟರ್ ಮಾವ ಊಟಕ್ಕೆ ಹೋಗಿದ್ದರು. ಆ ಅರ್ಧ ಗಂಟೆಯಲ್ಲಿ ಅಕ್ಕ ತಮ್ಮ ಕಥೆ ಹೇಳಿದರು. ಅವರು ಹೇಳಿದ್ದು ಸ್ವಲ್ಪ, ನಾನು ಮೇಲೆ ಬಿದ್ದು ಕೇಳಿದ್ದು ಜಾಸ್ತಿ.

ಮದುವೆಗೆ ಮುಂಚೆ ಅಕ್ಕ ಮತ್ತು ಮೂವರು ಗೆಳತಿಯರು ಸೇರಿ ಜನರೆದುರು ನಿಂತು ಮೈಮುಖದಲ್ಲೇ ಏನೇನೋ ಮಾಡಿ ತೋರಿಸುತ್ತಿದ್ದರಂತೆ. ಅದಕ್ಕೆ ಅವರು ನಾಟಕ ಅನ್ನುತ್ತಿರಲಿಲ್ಲ, ಯಾಕೆಂದರೆ ಮಾತಿಲ್ಲ, ಕಥೆಯಿಲ್ಲ, ವೇದಿಕೆಯಂತೂ ಇಲ್ಲವೇ ಇಲ್ಲ. ವೇದಿಕೆ ಬೇಕಾದರೆ ಸಭಾಂಗಣದವರು ಒಪ್ಪಬೇಕು, ಅವರು ಒಪ್ಪಬೇಕಾದರೆ ಬರೆದ ಪ್ರತಿ ಕೊಡಬೇಕು, ಮನೆಯ ಗಂಡಸರ ಸಹಿ ತರಬೇಕು. ಸುಮ್ಮನೆ ನಿಲ್ಲುವುದನ್ನು ಪ್ರತಿಯಲ್ಲಿ ಏನೆಂದು ಬರೆಯುವುದು? ಅದಕ್ಕೇ ಮೆಟ್ಟಿಲಲ್ಲಿ, ಸಂತೆಯ ಸಾಲಿನಲ್ಲಿ, ಬಸ್ ನಿಲ್ದಾಣದ ಬೆಂಚಿನಲ್ಲಿ ಮಾಡುತ್ತಿದ್ದರು. ಒಬ್ಬೊಬ್ಬರಿಗೇ ಮದುವೆಯಾಗಿ ಮೂವರೂ ಬಿಟ್ಟರು. ಅಕ್ಕ ಮದುವೆಯಾದರೂ ಬಿಡಲಿಲ್ಲ.

ಈ ಮನೆಗೆ ಬಂದ ಎರಡನೇ ತಿಂಗಳು, ಒಂದು ಬೆಳಿಗ್ಗೆ ತಾರಸಿಗೆ ಬಟ್ಟೆ ಒಣಗಿಸಲು ಹೋದವರು ಬಟ್ಟೆಗಳ ನಡುವೆ ತಾವೂ ನಿಂತರು. ತೊಟ್ಟ ಬಟ್ಟೆಯ ಮೇಲೆಯೇ ಒಂದು ಬಕೆಟ್ ನೀರು ಸುರಿದುಕೊಂಡು, ಎರಡೂ ತೋಳುಗಳನ್ನು ಕ್ಲಿಪ್ಪು ಹಾಕಿ ತಂತಿಗೆ ಸಿಕ್ಕಿಸಿ, ಬಟ್ಟೆ ಒಣಗುವವರೆಗೆ. ಮೋಡ ಇದ್ದದ್ದರಿಂದ ಮೂರೂವರೆ ಗಂಟೆ ಹಿಡಿಯಿತು. ಸುತ್ತಲಿನ ತಾರಸಿಗಳಲ್ಲಿ ಜನ ಸೇರಿದರು. ಯಾರೋ ವಾರ್ಡ್ ಕಚೇರಿಗೆ ಹೇಳಿದರು. ಮೂರು ಜನ ನಿಂತು ನೋಡಿದರೂ ಅದು ಪ್ರದರ್ಶನ, ಪ್ರದರ್ಶನಕ್ಕೆ ಪರವಾನಗಿ ಬೇಕು. ಮಾವನನ್ನು ಕರೆಸಿ, ನಮ್ಮ ಮನೆಯ ಹೆಂಗಸು ಇನ್ನು ಮುಂದೆ ಯಾವುದೇ ಪ್ರದರ್ಶನ ಕೊಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಮಾವ ಮನೆಗೆ ಬಂದು ಬೈಯಲಿಲ್ಲ. ಒಂದು ವಾರ ಸೊಸೆ ಬಡಿಸಿದ್ದನ್ನು ತಲೆಯೆತ್ತದೆ ಉಂಡರು. ಅದು ಬೈಗುಳಕ್ಕಿಂತ ಕಷ್ಟ ಇತ್ತು ಎಂದರು ಅಕ್ಕ.

ಆಮೇಲೆ ಸ್ಟುಡಿಯೋದ ಒಳಕೋಣೆ ಅವರ ಪಾಲಿಗೆ ಬಂತು. ಆಗ ಅವರಿಗೆ ಹೊಳೆದದ್ದು ಇಷ್ಟು: ಸ್ಟೂಲಿನ ಮೇಲೆ ಕೂರುವವರು ಒಬ್ಬರು, ನೋಡುವವರೂ ಅವರೇ. "ಒಬ್ರೇ ಕೂತು ನೋಡೋದಕ್ಕೆ ಯಾವ ಕಾಯ್ದೆಯಲ್ಲೂ ಹೆಸರಿಲ್ಲ." ಹನ್ನೊಂದು ವರ್ಷದಿಂದ ದಿನಕ್ಕೆ ಐದೋ ಆರೋ ಮಂದಿ ಬರುತ್ತಾರೆ. ಎಲ್ಲರಿಗೂ ಅಕ್ಕ ಮಾಡುವುದಿಲ್ಲ. ಮುಖ ತೀರ ಬಿಗಿದುಕೊಂಡು ಬಂದವರಿಗೆ ಮಾತ್ರ ಮಾಡುತ್ತಾರೆ, ಮಕ್ಕಳಿಗೆ ಖಂಡಿತ. ಕೆಲವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಕೆಲವರು ಹೊರಗೆ ಹೋಗಿ ಎರಡು ದಿನ ಬಿಟ್ಟು ಇನ್ನೊಂದು ಫೋಟೋ ಬೇಕೆಂದು ಬರುತ್ತಾರೆ.

ಮೇಜಿನಡಿಯಿಂದ ಬಿಸ್ಕತ್ತಿನ ಡಬ್ಬಿ ತೆಗೆದು ತೋರಿಸಿದರು. ಒಳಗೆ ಕಚೇರಿಯಿಂದ ತಿರಸ್ಕೃತವಾಗಿ, ಹೊಸದು ತೆಗೆಸಲು ಬಂದವರು ಬಿಟ್ಟುಹೋದ ಫೋಟೋಗಳು, ಹಿಂದುಗಡೆ ದಿನಾಂಕ. ಮುಖ ತೆರೆದುಕೊಳ್ಳುವ ಆ ಗಳಿಗೆಗೇ ಕಾದು ಕ್ಲಿಕ್ ಮಾಡುತ್ತಿದ್ದರಂತೆ. ಚಿತ್ರ ಕೆಡುತ್ತದೆಂದು ಗೊತ್ತಿದ್ದೂ. "ಮಾಡಿದೀನಿ ಅನ್ನೋದಕ್ಕೆ ನನ್ನ ಹತ್ರ ಇನ್ನೇನಿದೆ? ಇದೊಂದೇ ಪುರಾವೆ." ಮೇಲೆಯೇ ನನ್ನ ಮಗಳ ನಾಲ್ಕು ಚಿತ್ರಗಳಿದ್ದವು. ನಾಲ್ಕರಲ್ಲೂ ಬಾಯಿ ತೆರೆದಿತ್ತು. ಅದನ್ನು ಬರೀ ತೆರೆದ ಬಾಯಿ ಎಂದು ದೂರಿನಲ್ಲಿ ಹೇಗೆ ತಾನೇ ಬರೆದೆನೋ. ಜಗತ್ತನ್ನು ಯಾರೋ ಅವಳ ಎದುರಿಗೆ ತಂದಿಟ್ಟು, ಇದು ನಿನ್ನದು ಎಂದ ಹಾಗಿತ್ತು.

ನಾಲ್ಕನ್ನೂ ಡಬ್ಬಿಗೆ ವಾಪಸ್ ಇಟ್ಟೆ.

"ಅಕ್ಕ, ನಾನೊಂದು ಕಾಗದ ಬರೆದುಬಿಟ್ಟಿದೀನಿ."

"ಯಾರಿಗೆ?"

"ಕಚೇರಿಗೆ. ನಿಮ್ಮ ಮೇಲೆ."

"ಎಷ್ಟುದ್ದ?"

"ಎರಡು ಪುಟ."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪರಿಸ್ಥಿತಿ ಏನೆಂದು ಅಂಗಡಿಯ ಲೆಕ್ಕದ ಹಾಗೆ ನಿಧಾನವಾಗಿ ಹೇಳಿದರು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಸ್ಟುಡಿಯೋಗೆ ಬರುವುದು ಚೀಟಿಯ ಫೋಟೋಗೆ ಮಾತ್ರ. ಕಚೇರಿಯ ಪಟ್ಟಿಯಿಂದ ಹೆಸರು ಹೋದರೆ ಸ್ಟೂಲಿನ ಮೇಲೆ ಕೂರಲು ಯಾರೂ ಬರುವುದಿಲ್ಲ. ಒಳಕೋಣೆಯನ್ನು ಗೋಡೌನಿಗೆ ಕೊಡಿ ಎಂದು ಔಷಧಿ ಅಂಗಡಿಯವರು ಮಾವನನ್ನು ಎರಡು ವರ್ಷದಿಂದ ಕೇಳುತ್ತಿದ್ದಾರೆ, ಮಾವ ಕೊಟ್ಟುಬಿಡುತ್ತಾರೆ. ತಪಾಸಣೆಗೆ ಬಂದವರಿಗೆ ಒಳಗೆ ನಡೆಯುವುದು ಏನೆಂದು ಗೊತ್ತಾದರೆ ಮುಚ್ಚಳಿಕೆ ಮುರಿದ ಹಾಗೆ, ಆಗ ಮಾವನೇ ಪರದೆ ಕಿತ್ತು ಹಾಕುತ್ತಾರೆ. "ಎರಡರಲ್ಲಿ ಯಾವುದಾದ್ರೂ ನನಗೆ ಈ ಕೋಣೆ ಇಲ್ಲ" ಎಂದು ಹೇಳಿ ನನ್ನ ಮೀನುಬಾಯಿಯ ಫೋಟೋವನ್ನು ಡಬ್ಬಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ನನ್ನ ಕಾಗದ ನನಗೆ ವಾಪಸ್ ಕೊಡಿ ಎಂದೆ. ಗುಮಾಸ್ತರು ನನ್ನ ಹೆಸರು ಕೇಳಿದ ಕೂಡಲೇ ಎದ್ದು ನಿಂತು ಕುರ್ಚಿ ತೋರಿಸಿದರು. ಇಷ್ಟು ಚೆನ್ನಾಗಿ ಬರೆದ ದೂರು ಈ ಕಚೇರಿಗೆ ಬಂದದ್ದೇ ಇಲ್ಲವಂತೆ, ಮೇಲಿನವರಿಗೂ ತೋರಿಸಿದ್ದಾರಂತೆ, ಆರನೇ ಅಂಶವನ್ನು ಎಲ್ಲರೂ ಮೆಚ್ಚಿಕೊಂಡರಂತೆ. ದೂರು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅವರ ಮುಖ ಗಂಭೀರವಾಯಿತು. ಹಾಗಾದರೆ ಸ್ಟುಡಿಯೋದವರು ನಿಮ್ಮನ್ನು ಹೆದರಿಸಿದ್ದಾರೆಯೇ, ಅದನ್ನೂ ಸೇರಿಸಿ ತನಿಖೆ ಮಾಡಬೇಕಾಗುತ್ತದೆ ಎಂದರು. ಬೇಡ ಬೇಡ ಎಂದು ಎದ್ದು ಬಂದೆ. ಇನ್ನೂ ಐದು ನಿಮಿಷ ಅಲ್ಲಿದ್ದಿದ್ದರೆ ಅಕ್ಕನನ್ನು ಜೈಲಿಗೇ ಹಾಕಿಸಿ ಬರುತ್ತಿದ್ದೆನೇನೋ.

ಸೋಮವಾರ ಹನ್ನೊಂದು ಗಂಟೆಗೆ ತಪಾಸಣೆ ಎಂದು ಕಚೇರಿಯಿಂದ ನೋಟೀಸು ಬಂತು. ದೂರುದಾರರೂ ಮಗುವಿನೊಂದಿಗೆ ಹಾಜರಿರತಕ್ಕದ್ದು. ನಡುವಿನ ಮೂರು ದಿನ ನಾನು ಏನು ತಿಂದೆನೋ ನೆನಪಿಲ್ಲ. ಅತ್ತೆಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಮಗುವಿನ ಉಗುರು ಕತ್ತರಿಸುವುದನ್ನು ಮುಗಿಸಿ, "ನೀನು ಅಲ್ಲಿ ಬಾಯಿ ಬಿಡಬೇಡ. ಅಮ್ಮನೂ ಬಿಟ್ಟು ಮಗಳೂ ಬಿಟ್ಟರೆ ಅವಳಂಗಡಿ ಮುಚ್ಚಿದ ಹಾಗೇ" ಎಂದರು.

ತಪಾಸಣೆಯವರು ಐವತ್ತೈದು ದಾಟಿದವರು. ಕೈಯಲ್ಲಿ ಚರ್ಮದ ಚೀಲ, ಶರ್ಟಿನ ಜೇಬಿನಲ್ಲಿ ಮೂರು ಪೆನ್ನು. ಕೌಂಟರಿನ ಮುಂದೆ ನಿಂತು ನನ್ನ ದೂರನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ನನ್ನ ವಾಕ್ಯಗಳನ್ನು ಬೇರೆಯವರ ಬಾಯಲ್ಲಿ ಕೇಳುವುದು ಎಂಥ ಶಿಕ್ಷೆಯೆಂದು ಆವತ್ತು ತಿಳಿಯಿತು. ಆರನೇ ಅಂಶಕ್ಕೆ ಬಂದಾಗ ನಿಲ್ಲಿಸಿ, ಗಾಜಿನೊಳಗಿನ ಇಪ್ಪತ್ತಾರು ಮುಖಗಳನ್ನು ಒಂದೊಂದಾಗಿ ನೋಡಿ ನನ್ನ ಕಡೆ ತಿರುಗಿದರು.

"ಏನನ್ನ ತೋರಿಸಲಾಗಿದೆ ಅಂತ ಬರ್ದಿದೀರಲ್ಲ, ಏನದು?"

ಅಕ್ಕ ಪರದೆಯ ಪಕ್ಕ ಕೈಕಟ್ಟಿ ನಿಂತಿದ್ದರು, ಮುಖದಲ್ಲಿ ಏನೂ ಇಲ್ಲ. ನಾನು ಬಾಯಿ ಬಿಡುವ ಮೊದಲೇ ಕೌಂಟರ್ ಮಾವ ಮಾತಾಡಿದರು. ಅದು ದೀಪ ಸಾರ್ ಎಂದರು. ಆ ಎರಡು ದೀಪ ತಾನೇ ಆರಿಸಿ ತಂದದ್ದು, ಇಡೀ ಊರಲ್ಲಿ ಯಾರ ಹತ್ತಿರವೂ ಅಷ್ಟು ಪವರಿನದ್ದಿಲ್ಲ, ಅದರ ಮುಂದೆ ಯಾರು ಕೂತರೂ ಹುಬ್ಬು ತಾನಾಗಿ ಮೇಲೆ ಹೋಗುತ್ತದೆ. ಹೇಳುವಾಗ ಅವರ ಎದೆ ಉಬ್ಬಿತ್ತು. ಪಾಪ, ಹನ್ನೊಂದು ವರ್ಷದಿಂದ ಅವರು ಅದನ್ನೇ ನಂಬಿದ್ದರು. ತಪಾಸಣೆಯವರು 'ದೀಪ' ಎಂದು ಬರೆದುಕೊಂಡು, ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಒಂದು ಫೋಟೋ ನನ್ನೆದುರಿಗೇ ತೆಗೆಯಿರಿ ಎಂದರು.

ಮತ್ತೆ ಕುರ್ಚಿಯಾದೆ. ಬೆಡ್‌ಶೀಟ್ ಹೊದಿಸಿದರು, ಮಗಳನ್ನು ಕೂರಿಸಿದರು. ಬೆಡ್‌ಶೀಟಿನೊಳಗಿನ ನನಗೆ ಹೆಜ್ಜೆ ಸದ್ದು ಮಾತ್ರ ಕೇಳುತ್ತಿತ್ತು. ಕ್ಯಾಮರಾದ ಹಿಂದೆ ಅಕ್ಕ, ಅವರ ಎಡಕ್ಕೆ ಮಾವ, ಬಲಕ್ಕೆ ಆ ಸಾಹೇಬರು. ಅಕ್ಕ ಬೆಳಕು ನೋಡುತ್ತೇನೆಂದು ಹೇಳಲಿಲ್ಲ. ಮಗಳು ಕಾಯುತ್ತಿದ್ದಳು. ಅವಳ ಪಕ್ಕೆಲುಬು ಆರಾಮಾಗಿ ಏರಿಳಿಯುತ್ತಿತ್ತು, ಕಾಲ್ಬೆರಳು ಮಡಿಚಿದ ಹಾಗೇ ಇತ್ತು. ಅಕ್ಕ ಏನೂ ಮಾಡುತ್ತಿಲ್ಲ ಎಂದು ಅದರಿಂದಲೇ ತಿಳಿಯಿತು. ಒಳ್ಳೆಯದಾಯಿತು, ಹೀಗೇ ಒಂದು ನಿಮಿಷ ಕಳೆದರೆ ಸಾಕು, ಬಾಯಿ ಮುಚ್ಚಿದ ಫೋಟೋ ಬರುತ್ತದೆ, ಕೋಣೆ ಉಳಿಯುತ್ತದೆ. ಹೀಗೆ ಅಂದುಕೊಂಡದ್ದೇ ತಡ, ನನ್ನ ಮಂಡಿ ನಡುಗಲು ಶುರುವಾಯಿತು. ತಡೆದಷ್ಟೂ ಜಾಸ್ತಿಯಾಯಿತು. ಸ್ಟೂಲು ತಿರುಗುವ ಸ್ಟೂಲು ಬೇರೆ. ಮಗಳು ಜಟಕಾ ಗಾಡಿಯಲ್ಲಿ ಕೂತವಳ ಹಾಗೆ ಕುಲುಕುತ್ತ ಬಾಯಿ ತೆರೆದು ಕಿಟಾರನೆ ಕಿರುಚಿದಳು. ಕ್ಲಿಕ್.

"ಬಾಯಿ ತೆರೆದಿದೆ" ಎಂದಿತು ಸಾಹೇಬರ ಧ್ವನಿ. ಬೆಡ್‌ಶೀಟಿನೊಳಗೆ ನಾನು ಸತ್ತೇ ಹೋದೆ. ಆಮೇಲೆ ಆ ಧ್ವನಿಯೇ ಹತ್ತಿರ ಬಂತು.

"ಏನಮ್ಮ ಇದು, ಒಳಗೆ ಹೊಲಿಗೆ ಮಿಷಿನ್ ಇಟ್ಕೊಂಡಿದೀರಾ?"

ಬೆಡ್‌ಶೀಟ್ ತೆಗೆದರು. ನನ್ನ ಮಂಡಿ ಇನ್ನೂ ಕುಣಿಯುತ್ತಿತ್ತು, ಮೂವರೂ ಅದನ್ನೇ ನೋಡುತ್ತಿದ್ದರು. ನಾಲ್ಕು ಸಲವೂ ಹೀಗೇ ಆಗಿತ್ತೇ ಎಂದು ಅವರು ಕೇಳಿದರು. ಸುಳ್ಳು ಹೇಳಲು ನನಗೆ ಸಿಕ್ಕ ಮೊದಲ ಒಳ್ಳೆಯ ಅವಕಾಶ ಅದು. ಹೌದು ಎಂದೆ. ಹೀಗೇ, ಇದಕ್ಕಿಂತ ಜಾಸ್ತಿಯೇ. ಮಗು ಹುಟ್ಟಿದಾಗಿನಿಂದ ನನ್ನ ಮಂಡಿ ಹೀಗೇ ಎಂದೂ ಸೇರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ತಮ್ಮ ಮಗಳೂ ಹೀಗೇ, ಮೊಮ್ಮಗ ಸೀನಿದರೆ ಆಸ್ಪತ್ರೆಗೆ ಫೋನು ಮಾಡುತ್ತಾಳೆ ಎಂದು ಕೌಂಟರ್ ಮಾವನಿಗೆ ಹೇಳಿದರು. ಆಮೇಲೆ ಚೀಲವನ್ನು ನೆಲಕ್ಕಿಟ್ಟು, ಮೂರು ಪೆನ್ನುಗಳನ್ನು ಜೇಬಿಂದ ತೆಗೆದು ಮಾವನ ಕೈಗೆ ಕೊಟ್ಟರು.

"ಕೊಡಿ ಇಲ್ಲಿ ಮಗೂನ."

ಗುರುತಿನ ಚೀಟಿ ಕಚೇರಿಯ ಹಿರಿಯ ತಪಾಸಣಾಧಿಕಾರಿ ಸ್ಟೂಲಿನ ಮೇಲೆ ಕೂತರು. ಅಕ್ಕ ಅವರಿಗೆ ಬೆಡ್‌ಶೀಟ್ ಹೊದಿಸಿದರು. ನಾನು ಮೊಟ್ಟಮೊದಲ ಸಲ ಕ್ಯಾಮರಾದ ಈಚೆ ಬಂದು ನಿಂತೆ. ಬಿಳಿ ಗೋಡೆಯ ಮುಂದೆ ಬಿಳಿ ಬೆಟ್ಟ, ಅದರ ಮೇಲೆ ನನ್ನ ಮಗಳು. ಹಿಡಿತ ಎಷ್ಟು ಗಟ್ಟಿಯೆಂದರೆ ಅವಳು ಕಿರುಚುವುದನ್ನು ಮರೆತು ಬಾಯಿ ಮುಚ್ಚಿದಳು. ಅಕ್ಕ ಕಾಯಲಿಲ್ಲ, ಕೂಡಲೇ ಕ್ಲಿಕ್ ಮಾಡಿದರು. ಮಾವ ಕನ್ನಡಕ ಏರಿಸಿಕೊಂಡು ಕ್ಯಾಮರಾದ ಪುಟ್ಟ ಪರದೆಗೆ ಮುಖ ಒತ್ತಿ, ಬಾಯಿ ಮುಚ್ಚಿದೆಯೇ, ಕಿವಿ ಎರಡೂ ಇವೆಯೇ ಎಂದು ಪರೀಕ್ಷಿಸಲು ತೊಡಗಿದರು.

"ಆಯ್ತಾ?" ಎಂದಿತು ಬೆಡ್‌ಶೀಟು.

"ಒಂದ್ನಿಮಿಷ ಸಾರ್" ಎಂದರು ಅಕ್ಕ. "ಹಾಗೇ ಹಿಡ್ಕೊಂಡಿರಿ, ಬೆಳಕು ನೋಡ್ತೀನಿ."

ನನ್ನ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಏನೋ ಶುರುವಾದದ್ದು ಗೊತ್ತಾಯಿತು. ತಿರುಗಿದ್ದರೆ ನೋಡಬಹುದಿತ್ತು. ನನ್ನ ಮಗಳಿಗೆ ಯಾರ ಮುಖ ತೋರಿಸುತ್ತಾರೆ, ಏನನ್ನು ಬಿಚ್ಚುತ್ತಾರೆ ಎಂದು ಎಷ್ಟು ದಿನದಿಂದ ತಲ್ಲಣಿಸಿದ್ದೆ. ತಿರುಗಲಿಲ್ಲ. ಅದು ಒಬ್ಬರಿಗೆ ಎಂದು ಮಾಡಿದ್ದು. ಇಬ್ಬರಾದರೆ ಮೂವರಾಗಲು ಎಷ್ಟು ಹೊತ್ತು? ನಾನು ಮಗಳನ್ನೇ ನೋಡುತ್ತ ನಿಂತೆ. ಅವಳ ಉಸಿರು ನಿಂತಿತು. ಬೆಡ್‌ಶೀಟಿನ ಮೇಲೆ ಹತ್ತೂ ಬೆರಳು ಬಿಚ್ಚಿಕೊಂಡವು. ಬಾಯಿ ಮೆಲ್ಲಗೆ, ತೀರ ಮೆಲ್ಲಗೆ ತೆರೆಯಿತು. ಈ ಸಲ ಯಾರೂ ಕ್ಲಿಕ್ ಮಾಡಲಿಲ್ಲ.

"ಬಾಯಿ ಮುಚ್ಚಿದೆ, ಬಹಳ ಚೆನ್ನಾಗಿ ಮುಚ್ಚಿದೆ" ಎಂದು ಮಾವ ಕ್ಯಾಮರಾದಿಂದ ತಲೆಯೆತ್ತಿದರು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ವರದಿಯ ಪ್ರತಿ ನನಗೂ ಬಂತು. ಸ್ಟುಡಿಯೋದಲ್ಲಿ ದೋಷ ಕಂಡುಬಂದಿಲ್ಲ, ದೂರುದಾರರ ಗಾಬರಿ ಸ್ವಭಾವವೇ ತಿರಸ್ಕಾರಕ್ಕೆ ಕಾರಣ ಎಂದು ಬರೆದಿತ್ತು. ಸರ್ಕಾರಿ ಮೊಹರಿನೊಂದಿಗೆ ಇಂಥ ಪ್ರಮಾಣಪತ್ರ ನಮ್ಮ ವಂಶದಲ್ಲಿ ಇನ್ಯಾರಿಗೂ ಸಿಕ್ಕಿಲ್ಲ. ನಮ್ಮವರು ಅದನ್ನು ಫ್ರೇಮು ಹಾಕಿಸೋಣ ಎಂದರು. ಕೆಳಗೆ ಎರಡು ಸೂಚನೆಗಳಿದ್ದವು. ಗಾಜಿನೊಳಗಿನ ಇಪ್ಪತ್ತಾರು ಮಾದರಿಗಳನ್ನು ತೆಗೆಯಬೇಕು. ಇನ್ನು ಮುಂದೆ ಎರಡು ವರ್ಷದೊಳಗಿನ ಮಕ್ಕಳನ್ನು ತಾಯಂದಿರಲ್ಲ, ಸ್ಟುಡಿಯೋದ ಜವಾಬ್ದಾರಿಯುತ ಗಂಡಸರು ಹಿಡಿದುಕೊಳ್ಳಬೇಕು.

ನಾನು ಕ್ಷಮೆ ಕೇಳಲು ಹೋದಾಗ ಅಕ್ಕ ಖಾಲಿ ಗಾಜನ್ನು ಒರೆಸುತ್ತಿದ್ದರು. ಈಗ ಎಲ್ಲರಿಗೂ ಮೊದಲು ಫೋಟೋ ತೆಗೆದುಬಿಡುತ್ತಾರಂತೆ, ಉಳಿದದ್ದು ಆಮೇಲೆ. ಒಂದು ಚಿತ್ರವೂ ತಿರಸ್ಕೃತವಾಗುವುದಿಲ್ಲ. ಡಬ್ಬಿಗೆ ಹೊಸದೇನೂ ಬೀಳುವುದಿಲ್ಲ.

"ಬೇಜಾರಾ ಅಕ್ಕ?" ಎಂದೆ.

"ಮೊದಲ್ನೇ ವಾರ ಬಟನ್ ಮೇಲೆ ಬೆರಳು ತಾನಾಗೇ ಹೋಗೋದು. ಕೈ ಹಿಂದೆ ಕಟ್ಕೊಂಡು ಮಾಡಿದೆ." ಒರೆಸುವ ಬಟ್ಟೆಯನ್ನು ಮಡಚಿದರು. "ಮಾಡಿದ್ದು ಹೋಗುತ್ತೆ, ಕೋಣೆ ಇರುತ್ತೆ. ಕೋಣೆ ಸಾಕು ಅಂದ್ಕೊಂಡಿದೀನಿ. ದಿನಾ ಅಂದ್ಕೋಬೇಕು."

ಇನ್ನೊಂದು ಬಟ್ಟೆ ತೆಗೆದುಕೊಂಡು ಗಾಜಿನ ಈಚೆ ತುದಿಯನ್ನು ನಾನೂ ಒರೆಸಿದೆ. ನಾನು ಬಾಯಿ ಬಿಡುವುದು ಕ್ಷೇಮವಾಗಿರಲಿಲ್ಲ.

ಮೊನ್ನೆ ಅತ್ತೆಯನ್ನು ಅವರ ಚೀಟಿಯ ಫೋಟೋಗೆ ಕರೆದುಕೊಂಡು ಮತ್ತೆ ಹೋಗಿದ್ದೆ. ಸರದಿಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪಕ್ಕದಲ್ಲಿ ಇನ್ನೊಬ್ಬ ತಾಯಿ ಕೂತಿದ್ದಳು, ಮಗು ಒಳಗಿತ್ತು. ಕೌಂಟರ್ ಮಾವ ಈಗ ಕೌಂಟರಿನಲ್ಲಿ ಇರುವುದು ಕಡಿಮೆ. ಕೂಸು ಬಂದಾಗಲೆಲ್ಲ ಅವರು ತೋಳು ಮಡಚಿ ಒಳಗೆ ಹೋಗಿ, ಬೆಡ್‌ಶೀಟ್ ಹೊದ್ದು, ಮಗುವನ್ನು ಸೊಸೆಯ ಎದುರಿಗೆ ಹಿಡಿದು ಕೂರುತ್ತಾರೆ. ಮಕ್ಕಳು ತಮ್ಮ ಕೈಯಲ್ಲಿ ಮಾತ್ರ ಇಷ್ಟು ಗಲಾಟೆಯಿಲ್ಲದೆ ಇರುತ್ತಾರೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಒಳಗಿಂದ ಸದ್ದೇ ಇರಲಿಲ್ಲ. ಆ ತಾಯಿ ಪರದೆಯತ್ತ ನೋಡಿ, ಕೆಳತುಟಿ ಕಚ್ಚಿ, ಇಷ್ಟು ಹೊತ್ತು ಏನು ಮಾಡುತ್ತಾರೆ ಎಂದು ನನ್ನನ್ನು ಕೇಳಿದಳು. ಫೋಟೋ ತೆಗೆಯುತ್ತಾರೆ ಎಂದೆ.

ಮಾವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆಡ್‌ಶೀಟಿನಿಂದ ಕೆದರಿದ ಕೂದಲಲ್ಲಿ ಹೊರಬಂದರು. ಮಗು ಅವರ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ, ಇನ್ನೂ ಅಲುಗಾಡುತ್ತಿದ್ದ ಪರದೆಯನ್ನೇ ನೋಡುತ್ತಿತ್ತು. ಕುತ್ತಿಗೆ ಇಷ್ಟೊಂದು ತಿರುಗಿಸುತ್ತಾನಲ್ಲ, ಪರವಾಗಿಲ್ಲವೇ ಎಂದು ಆ ತಾಯಿ ಕೇಳಿದಳು. ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದೆ. ಮನೆಗೆ ಬಂದ ಮೇಲೆ ನನ್ನ ಮಗಳ ಕುತ್ತಿಗೆಯನ್ನೂ ಎರಡೂ ಕಡೆಯಿಂದ ಒಮ್ಮೆ ನೋಡಿದೆ.